ಕೌದಿಗೂ ಒಂದು ಬೆಂಬಲ ಬೆಲೆ ಬೇಡವೇ?

“ಹಳೇ ಸೀರೆ ಏನ್ ಮಾಡ್ತೀರಿ?” ಮದುವೆಮನೆಯಲ್ಲಿ, ಸಂತೆಯಲ್ಲಿ, ಸಂಘದ ಮೀಟಿಂಗಿನಲ್ಲಿ ಎದುರಾದ ರೈತ ಹೆಂಗಸರಿಗೆಲ್ಲ ನಾನು ಕೇಳುವ ಪ್ರಶ್ನೆ ಇದು. ಹೆಚ್ಚಿನವರ ಉತ್ತರ ಒಂದೇ - “ಪಾತ್ರೆಯವಳು ಬಂದಾಗ ಹಾಕಿಬಿಡ್ತೇವೆ.” ಅರ್ಧ ಡಜನ್ ಸೀರೆಗೆ ಒಂದು ಸ್ಟೀಲ್ ಡಬ್ಬಿ, ಈಚೆಗೆ ಪ್ಲಾಸ್ಟಿಕ್ ಬುಟ್ಟಿ. ಅದೇ ಮನೆಯ ಒಳಗೆ ಹೋಗಿ ನೋಡಿ. ಮಂಚದ ಮೇಲೆ ಪೇಟೆಯಿಂದ ತಂದ, ಹುಲಿಯದ್ದೋ ಗುಲಾಬಿಯದ್ದೋ ಚಿತ್ರವಿರುವ ಪಾಲಿಯೆಸ್ಟರ್ ಬ್ಲಾಂಕೆಟ್!

ಹೊಲದ ಕಸ ಹೊಲಕ್ಕೇ ಹೋಗಬೇಕು ಅನ್ನುವವರು ನಾವು. ತರಗೆಲೆ ಹೊರಗೆ ಹೋದರೆ ಬೇಸರಪಡುತ್ತೇವೆ. ಬಾಳೆದಿಂಡು ಕೊಚ್ಚಿ ಬುಡಕ್ಕೆ ಹಾಕುತ್ತೇವೆ. ಮನೆಯ ಬಟ್ಟೆಗೆ ಮಾತ್ರ ಈ ಲೆಕ್ಕ ಯಾಕೆ ಅನ್ವಯಿಸೋದಿಲ್ಲ? ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕೌದಿ ಅನ್ನುವುದು ಕೃಷಿಕರ ಮನೆಯ ಉತ್ಪನ್ನ. ಉಪ್ಪಿನಕಾಯಿ, ಹಪ್ಪಳ, ತುಪ್ಪದ ಹಾಗೆ. ಮೊದಲು ಮನೆಗೆ ಆಗಬೇಕು. ಮಿಕ್ಕಿದ್ದು ಮಾರುವುದಾದರೆ ಗಂಟೆಯ ಲೆಕ್ಕ ಹಾಕಿ ಮಾರಬೇಕು. ಕೊಡುವವರು ಎಷ್ಟು ಕೊಟ್ಟಾರೋ ಅಂತ ಕೈ ಚಾಚಿ ಅಲ್ಲ.

ನಮ್ಮದು ಕುಳಗಿ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಹೊರಗಿನವರಿಗೆ ಈ ಹೆಸರು ಗೊತ್ತಿರುವುದು ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಿಂದ. ಸುತ್ತ ಕಾಡು. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು. 2007ರಲ್ಲಿ ಅಣಶಿಯನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಿಂದ ಅದರ ಹೆಸರು ಕಾಳಿ. ಹುಲಿಗಿಂತ ನಮಗೆ ಹೆಚ್ಚು ಪರಿಚಯ ಕಾಡುಹಂದಿಯದ್ದು ಬಿಡಿ! ಭತ್ತ ಹಾಲುಗಟ್ಟುವ ಹೊತ್ತಿಗೆ ಮನೆಯಿಂದ ಒಬ್ಬರು ಗದ್ದೆಯ ಮಾಳದಲ್ಲಿ ರಾತ್ರಿ ಕಳೆಯಲೇಬೇಕು. ಕೆಳಗೆ ಬೆಂಕಿ, ಮೇಲೆ ಇಬ್ಬನಿ. ಅಲ್ಲಿ ಪಾಲಿಯೆಸ್ಟರ್ ಬ್ಲಾಂಕೆಟಿನ ಬಣ್ಣ ಬಯಲಾಗುತ್ತದೆ. ಕಿಡಿ ಹಾರಿ ಬಿದ್ದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಬಟ್ಟೆ ಸುಟ್ಟು ಕರಿಯಾಗಿ ತೂತು ಬೀಳುತ್ತದೆ, ಕೊಡವಿದರೆ ಆಯಿತು. ಮರುದಿನ ಆ ತೂತಿಗೊಂದು ತೇಪೆ. ಬ್ಲಾಂಕೆಟಿಗೆ ತೇಪೆ ಹಾಕಿದವರನ್ನು ನಾನಂತೂ ನೋಡಿಲ್ಲ.

ನಾನು ಎರಡು ಬಗೆಯ ಕೌದಿ ನೋಡಿ ಬೆಳೆದವಳು. ತವರು ಧಾರವಾಡದ ಕಡೆ. ಅಲ್ಲಿ ಕೌದಿ ಅಂದರೆ ಹಳೇ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲ್ಗಡೆ ಅಂಗಿ-ಲಂಗ-ಕುಪ್ಪಸದ ತುಂಡು ಜೋಡಿಸಿ, ನಾಲ್ಕಾರು ಹೆಂಗಸರು ನಾಲ್ಕೂ ಕಡೆ ಕೂತು ಹೊಲಿಯುವುದು. ಬಿತ್ತನೆಗೆ ಮುಂಚಿನ ಬಿಡುವಿನಲ್ಲಿ ನಡೆಯುವ ಕೆಲಸ. ಮದುವೆಯಾಗಿ ಈಚೆಗೆ ಬಂದ ಮೇಲೆ ಕಂಡದ್ದು ಸಿದ್ದಿ ಹೆಂಗಸರ ಕವಂದ. ಎರಡೂ ಹಳೇ ಬಟ್ಟೆಯವೇ. ಹೊಲಿಯುವ ಕ್ರಮ ಮಾತ್ರ ಪೂರ್ತಿ ಬೇರೆ.

ಸಿದ್ದಿಗಳ ಬಗ್ಗೆ ಘಟ್ಟದ ಕೆಳಗಿನ ಓದುಗರಿಗೆ ಎರಡು ಮಾತು. ಇವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು, ಅರಬರು ಶತಮಾನಗಳ ಹಿಂದೆ ಗುಲಾಮರಾಗಿ, ಸೈನಿಕರಾಗಿ ಪಶ್ಚಿಮ ಕರಾವಳಿಗೆ ತಂದವರು. ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದವರು ಬಹಳ ಮಂದಿ. ಈಗ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ಸುತ್ತ ಇದ್ದಾರೆ. ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕಾಡಿನಲ್ಲಿ ಕೂಲಿ, ತುಂಡು ಜಮೀನು, ಇನ್ನೊಬ್ಬರ ತೋಟದಲ್ಲಿ ದುಡಿಮೆ. ಅಂಥ ಮನೆಗಳಲ್ಲಿ ಹುಟ್ಟಿದ್ದು ಕವಂದ.

ಮನೆಯಲ್ಲೇ ಮಾಡುವುದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಓದಿ ಬದಿಗಿಡದೆ ಯಾರಾದರೂ ಮಾಡಿ ನೋಡಲಿ ಅಂತ.

ಒಂದು ಹತ್ತಿ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಅಂಗುಲ ಅಗಲ. ಉದ್ದವನ್ನು ಮೂರು ಸಮಪಾಲು ಮಾಡಿ. ಒಂದೊಂದು ಪಾಲೂ ಆರು ಅಡಿ. ಒಂದರ ಮೇಲೊಂದು ಹಾಕಿದರೆ ಒಬ್ಬರಿಗೆ ಸಾಕಾಗುವ, ಮೂರು ಪದರದ ತಳ ಸಿದ್ಧ. ಇಬ್ಬರು ಹೊದೆಯುವಂಥದ್ದು ಬೇಕೆಂದರೆ ಎರಡು ಸೀರೆಯಿಂದ ಆರು ಪಾಲು ಮಾಡಿ, ಎರಡೆರಡನ್ನು ಅಗಲಕ್ಕೆ ಕೂಡಿಸಿ. ಕೂಸಿಗಾದರೆ ಹಳೇ ಪಂಚೆಯ ಅರ್ಧ ಸಾಕು. ಮೊದಲ ಸಲ ಮಾಡುವವರು ಕೂಸಿನದ್ದರಿಂದಲೇ ಶುರುಮಾಡಿ. ದೊಡ್ಡದಕ್ಕೆ ಕೈಹಾಕಿದರೆ ಅರ್ಧಕ್ಕೆ ಬಿಟ್ಟು ಅಟ್ಟ ಸೇರುವ ಸಂಭವ ಹೆಚ್ಚು.

ಬಟ್ಟೆಗಳನ್ನೆಲ್ಲ ಮೊದಲೇ ಒಗೆದು ಬಿಸಿಲಿಗೆ ಹಾಕಬೇಕು. ಬಣ್ಣ ಬಿಡುವುದು ಆಗಲೇ ಬಿಟ್ಟಿರಲಿ. ಟೈಲರ್ ಅಂಗಡಿಯ ಹೊಸ ಚಿಂದಿ ಬಳಸುವುದಾದರೆ ಇದು ಇನ್ನೂ ಮುಖ್ಯ. ಒಗೆಯದ ಹೊಸ ಬಟ್ಟೆ ಆಮೇಲೆ ಕುಗ್ಗಿ ಹಳೇ ಬಟ್ಟೆಯನ್ನು ಎಳೆಯುತ್ತದೆ. ಕೌದಿ ಮುದ್ದೆಮುದ್ದೆ ಆಗುತ್ತದೆ.

ಸಿದ್ದಿ ಕ್ರಮದಲ್ಲಿ ಮೇಲಿನ ಹೊದಿಕೆಯನ್ನು ಬೇರೆ ಹೊಲಿದು ಆಮೇಲೆ ತಳಕ್ಕೆ ಕೂಡಿಸುವ ಕೆಲಸವೇ ಇಲ್ಲ. ಜೋಡಿಸುವುದೂ ಹೊಲಿಯುವುದೂ ಒಟ್ಟಿಗೇ. ತಳವನ್ನು ನೆಲದ ಮೇಲೆ ಹಾಸಿ, ಒಂದು ಮೂಲೆಯಿಂದ ಆರಂಭ. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ತಳದ ಅಂಚನ್ನೂ ಒಳಕ್ಕೆ ಮಡಚಿ, ಎರಡನ್ನೂ ಕೂಡಿಸಿ ಓಡುಹೊಲಿಗೆ. ಮುಂದಿನ ತುಂಡಿನ ಅಂಚು ಮಡಚಿ ಹಿಂದಿನದರ ಮೇಲೆ ಒಂದು ಬೆರಳು ಕೂರಿಸಿ. ಹಾಗೇ ಅಂಚಿನುದ್ದಕ್ಕೂ ಹೋಗಿ, ಮೂಲೆ ತಿರುಗಿ, ಸುತ್ತು ಮುಗಿಸಿ ಮತ್ತೆ ಒಳಗಿನ ಸುತ್ತು. ಹೊರಗಿನಿಂದ ಒಳಕ್ಕೆ, ಬಸವನಹುಳುವಿನ ಚಿಪ್ಪಿನ ಹಾಗೆ. ಕೊನೆಗೆ ನಡುವೆ ಉಳಿಯುವ ಕಿಂಡಿಗೆ ಕಟ್ಟಕಡೆಯ ತುಂಡು. ಈ ಕ್ರಮದ ದೊಡ್ಡ ಲಾಭ ಅಂದರೆ ಅಳತೆ, ಪೆನ್ಸಿಲು, ಒಂದೇ ಗಾತ್ರದ ಚೌಕ ಯಾವುದೂ ಬೇಡ. ಇದ್ದ ತುಂಡು ಇದ್ದ ಹಾಗೇ ಕೂರುತ್ತದೆ. ಸಣ್ಣ ತೋಟದಲ್ಲಿ ಖಾಲಿ ಜಾಗ ನೋಡಿ ಒಂದು ಕಾಳುಮೆಣಸು, ಒಂದು ಬಾಳೆ ಕೂರಿಸುತ್ತೇವಲ್ಲ, ಅದೇ ಬುದ್ಧಿ.

ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಇಟ್ಟು ಮುಗಿಸುತ್ತಾರೆ. ಅದಕ್ಕೆ ‘ಫೂಲ’ ಅಂತ ಹೆಸರು - ಹೂವು. ಹೂವಿಲ್ಲದ ಕವಂದ ಬತ್ತಲೆ ಅನ್ನುತ್ತಾರೆ. ಕ್ರೈಸ್ತರ ಮನೆಯ ಕವಂದದಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣುವುದುಂಟು. ಕೆಲವು ಮನೆಗಳಲ್ಲಿ ಕೊನೆಯ ಕಿಂಡಿ ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳು ಒಳಗೆ ಹಾಕುವ ರೂಢಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ!

ನೂಲಿನ ವಿಷಯದಲ್ಲಿ ಜಿಪುಣತನ ಬೇಡ. ದಪ್ಪ ಹತ್ತಿ ನೂಲು, ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಉದ್ದ. ತೀರಾ ಉದ್ದ ಮಾಡಿದರೆ ಗಂಟು. ಮನೆಯಲ್ಲಿ ಜೇನುಮೇಣ ಇದ್ದರೆ ನೂಲನ್ನು ಒಮ್ಮೆ ಅದರ ಮೇಲೆ ಎಳೆಯಿರಿ. ಸಿಕ್ಕಾಗೋದಿಲ್ಲ, ಬಟ್ಟೆಯಲ್ಲಿ ಸಲೀಸಾಗಿ ಓಡುತ್ತದೆ. ಬೆರಳಿಗೆ ಟೋಪಿ ಮರೆಯಬೇಡಿ. ನಾಟಿ ಮಾಡಿ ಒಡೆದ ಬೆರಳಿಗೆ ಸೂಜಿಯ ಹಿಂಭಾಗ ನಾಟಿದರೆ ಆಗುವ ನೋವು ಬರೆದು ತಿಳಿಸುವಂಥದ್ದಲ್ಲ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ನೆನೆದ ಕೌದಿ ಎತ್ತಲು ಇಬ್ಬರು ಬೇಕು. ನಮ್ಮ ಮಳೆಗಾಲದಲ್ಲಿ ಒಗೆದರೆ ಒಣಗುವ ಮಾತಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಮೇ ತಿಂಗಳ ಕೊನೆಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಮಾತ್ರ ಒಗೆತ. ನಡುವೆ ಬಿಸಿಲು ಬಂದಾಗಲೆಲ್ಲ ಬೇಲಿಯ ಮೇಲೆ. ಮಡಿಕೆಗಳ ನಡುವೆ ಒಣಗಿಸಿದ ಲಕ್ಕಿಸೊಪ್ಪು ಇಡುತ್ತೇನೆ.

ಇನ್ನೊಂದು ನಿಜವಾದ ತೊಂದರೆ, ಹತ್ತಿ ಸೀರೆಯೇ ಇಲ್ಲದಿರುವುದು. ಮನೆಯಲ್ಲಿ ಉಡುವುದು ಹೆಚ್ಚಾಗಿ ಪಾಲಿಯೆಸ್ಟರೇ. ಅದರಲ್ಲಿ ಹೊಲಿದರೆ ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ಪಂಚೆ, ಲುಂಗಿ, ಮಕ್ಕಳ ಹಳೇ ಶಾಲೆ ಅಂಗಿ, ಹಾಸಿಗೆಯ ಚಾದರ ಇಂಥವನ್ನು ಗಂಟು ಕಟ್ಟಿ ಇಡುತ್ತ ಹೋದರೆ ಎರಡು ವರ್ಷಕ್ಕೊಂದು ಕೌದಿಯಷ್ಟು ಬಟ್ಟೆ ಆಗುತ್ತದೆ ಅನ್ನುವುದು ನಮ್ಮ ಮನೆಯ ಅಂದಾಜು. ಪಾಲಿಯೆಸ್ಟರ್ ಸೀರೆ ಪಾತ್ರೆಯವಳಿಗೇ ಹೋಗಲಿ. ಅದಕ್ಕೆ ನನ್ನ ತಕರಾರಿಲ್ಲ.

ಹದಿಮೂರು ಸಾವಿರ ಹೊಲಿಗೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಬ್ಬರು ಮನೆಗೆ ಬಂದರು. ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವ ವ್ಯವಹಾರದವರು, ಹೆಸರು ಬೇಡ. ಅವರಿಗೆ ಮಂಚದ ಮೇಲೆ ಹಾಸಲು ಹತ್ತು ‘ಸಿದ್ದಿ ಕವಂದ’ ಬೇಕಿತ್ತು. ಬಟ್ಟೆ ಅವರದ್ದೇ, ಹೊಲಿದು ಕೊಟ್ಟರೆ ಒಂದಕ್ಕೆ 700 ರೂಪಾಯಿ. “ಸಿದ್ದಿ ಹೆಂಗಸರು ಜಾಸ್ತಿ ಕೇಳ್ತಾರೆ. ನಿಮಗೂ ಬರ್ತದಲ್ಲ, ನೀವೇ ಮಾಡಿಕೊಡಿ. ನೋಡುವವರಿಗೆ ಏನು ಗೊತ್ತಾಗ್ತದೆ?” ಅಂದರು. ನಾನು ಸಿದ್ದಿಯವಳಲ್ಲ. ನನ್ನ ಕೈಯಿಂದ ಹೊಲಿದದ್ದಕ್ಕೆ ಅವರ ಹೆಸರು ಅಂಟಿಸಿ, ಅದೇ ನೆಪದಲ್ಲಿ ಅವರು ಕೇಳಿದ ದರವನ್ನೂ ಮುರಿಯುವ ವ್ಯಾಪಾರ ಇದು. ಆಗುವುದಿಲ್ಲ ಅಂದು ಚಹಾ ಕೊಟ್ಟು ಕಳಿಸಿದೆ.

ಅವತ್ತು ರಾತ್ರಿ ಲೆಕ್ಕ ಹಾಕುತ್ತ ಕೂತೆ. ಒಬ್ಬರ ಕೌದಿ ಉದ್ದ 72 ಅಂಗುಲ, ಅಗಲ 45. ಅರ್ಧ ಅಂಗುಲಕ್ಕೊಂದು ಸಾಲು, ಸಾಲಿನಲ್ಲಿ ಅರ್ಧ ಅಂಗುಲಕ್ಕೊಂದು ಹೊಲಿಗೆ. ಅಂದರೆ 144 ಗುಣಿಸು 90. ಒಟ್ಟು 12,960. ಹತ್ತಿರ ಹತ್ತಿರ ಹದಿಮೂರು ಸಾವಿರ ಹೊಲಿಗೆ! ನೂಲು ಪೋಣಿಸುವುದು, ತುಂಡು ಆರಿಸುವುದು, ಅಂಚು ಮಡಚುವುದು ಎಲ್ಲ ಸೇರಿಸಿ ನನ್ನ ಕೈಯ ವೇಗ ನಿಮಿಷಕ್ಕೆ ಆರು ಹೊಲಿಗೆ. ಹಾಗಾದರೆ 36 ಗಂಟೆ, ಎಂಟು ಗಂಟೆಯ ನಾಲ್ಕೂವರೆ ದಿನ. 700 ರೂಪಾಯಿಯನ್ನು 36ರಿಂದ ಭಾಗಿಸಿ ನೋಡಿ. ಗಂಟೆಗೆ ಇಪ್ಪತ್ತು ರೂಪಾಯಿಯೂ ಇಲ್ಲ.

2025-26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂ. ಅಂತ ನಿಗದಿಯಾಗಿತ್ತು. ಮಣ್ಣು ಹೊರುವ ಕೆಲಸಕ್ಕೆ ಇರುವ ಆ ಕನಿಷ್ಠ ಕೂಲಿಯನ್ನೇ ಹಿಡಿದರೂ ನಾಲ್ಕೂವರೆ ದಿನಕ್ಕೆ 1,665 ರೂ. ಆಗುತ್ತದೆ. ನೂಲು, ಸೂಜಿ, ಅಲ್ಲಲ್ಲಿ ಕೊಂಡ ತುಂಡು ಅಂತ 85 ಸೇರಿಸಿದರೆ 1,750. ಇದು ಅಸಲು ಮಾತ್ರ, ಲಾಭ ಇನ್ನೂ ಸೇರಿಲ್ಲ.

ಈ ಲೆಕ್ಕ ನನ್ನ ಸ್ವಂತ ಸೃಷ್ಟಿಯಲ್ಲ, ಭತ್ತದ ಲೆಕ್ಕವನ್ನೇ ಕೌದಿಗೆ ತಂದಿದ್ದೇನೆ. ಬೆಂಬಲ ಬೆಲೆ ನಿಗದಿ ಮಾಡುವಾಗ ಕೇಂದ್ರ ಸರಕಾರ ಬಳಸುವ ಖರ್ಚಿನ ಸೂತ್ರದ ಹೆಸರು ಎ2+ಎಫ್‌ಎಲ್. ಬೀಜ, ಗೊಬ್ಬರ, ಕೂಲಿ, ಬಾಡಿಗೆಯಂಥ ಕೈಯಿಂದ ಹೋದ ಖರ್ಚು ಎ2. ಎಫ್‌ಎಲ್ ಅಂದರೆ ಮನೆಯವರು ಸಂಬಳವಿಲ್ಲದೆ ದುಡಿದದ್ದಕ್ಕೆ ಕಟ್ಟುವ ಬೆಲೆ. ಇವೆರಡರ ಒಂದೂವರೆ ಪಟ್ಟು ಕೊಡುತ್ತೇವೆ ಅಂತ 2018-19ರ ಬಜೆಟ್ಟಿನಲ್ಲಿ ಹೇಳಿದರು. 2025-26ರ ಸಾಮಾನ್ಯ ಭತ್ತದ 2,369 ರೂ. ಬಂದದ್ದು ಹೀಗೆಯೇ. ಇದೂ ಸಾಲದು, ಸ್ವಂತ ಜಮೀನಿನ ಗೇಣಿ, ಬಂಡವಾಳದ ಬಡ್ಡಿಯನ್ನೂ ಸೇರಿಸಿದ ಸಿ2 ಖರ್ಚಿನ ಮೇಲೆ ಐವತ್ತು ಪ್ರತಿಶತ ಬೇಕು ಅನ್ನುವುದು ರೈತ ಸಂಘಟನೆಗಳ ಬೇಡಿಕೆ. ಸರಿಯಾದ ಬೇಡಿಕೆಯೇ.

ನನ್ನ ಪ್ರಶ್ನೆ ಇಷ್ಟೇ. ಗದ್ದೆಯಲ್ಲಿ ಮನೆಯವರ ದುಡಿಮೆಗೆ ಬೆಲೆ ಕಟ್ಟಿ ಅಂತ ಬೀದಿಗಿಳಿಯುವ ಗಂಡಸರು, ಜಗಲಿಯಲ್ಲಿ ಹೆಂಡತಿ ಹೊಲಿದದ್ದನ್ನು “ಟೈಂಪಾಸಿಗೆ ಮಾಡಿದ್ದು, ಎಷ್ಟಾದರೂ ಕೊಡಿ” ಅಂತ ದಾಟಿಸುವುದು ಯಾವ ನ್ಯಾಯ? ಎ2+ಎಫ್‌ಎಲ್ ಸೂತ್ರದಲ್ಲೇ ಹೋದರೆ ನನ್ನ ಕೌದಿಯ ಬೆಂಬಲ ಬೆಲೆ 2,625 ರೂ. ಅದಕ್ಕಿಂತ ಕೆಳಗೆ ನಾನು ಕೊಡುವುದಿಲ್ಲ. ಎರಡು ಕೌದಿ ಈ ದರಕ್ಕೆ ಹೋಗಿವೆ, ಮೂವರು ವಾಪಸು ಹೋಗಿದ್ದಾರೆ. ಹೋಗಲಿ. ನನ್ನ ಮಕ್ಕಳು ಹೊದೆಯುತ್ತಾರೆ.

“ಟಿ.ವಿ. ನೋಡುತ್ತ ಹೊಲಿದದ್ದಕ್ಕೂ ಕೂಲಿಯಾ?” ಅಂತ ನಮ್ಮನೆಯಲ್ಲೇ ಕೇಳಿದರು. ಟ್ರ್ಯಾಕ್ಟರಿನವನು ಹಾಡು ಕೇಳುತ್ತ ಉಳುತ್ತಾನಲ್ಲ, ಅವನಿಗೆ ಬಾಡಿಗೆ ಕಡಿಮೆ ಮಾಡ್ತೀರಾ?

ಕವಂದ ಹೊರದೇಶ ಕಂಡದ್ದೂ ಉಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ 2004ರ ಹೊತ್ತಿಗೆ ಇಲ್ಲಿಗೆ ಬಂದು ಸಿದ್ದಿ ಊರುಗಳಲ್ಲಿ ಓಡಾಡಿದರು. ಹೊಲಿಯುವ ಹೆಂಗಸರ ಒಂದು ಸಹಕಾರಿ ಕೂಟ ಆಗಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಗಳ ಪ್ರದರ್ಶನವೇ ನಡೆಯಿತು. ಅದೇ ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅನ್ನುವ ಹಳ್ಳಿಯಿದೆ. ನದಿಯ ತಿರುವಿನಲ್ಲಿರುವ ಊರು. ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದವರ ವಂಶದ ಹೆಂಗಸರು ಅಲ್ಲಿ ಹರಿದ ಪ್ಯಾಂಟು, ಅಂಗಿಗಳಿಂದ ಕೌದಿ ಹೊಲಿಯುತ್ತ ಬಂದವರು. ಆ ಭಾಗದ ಹೆಂಗಸರು 1966ರಲ್ಲೇ ಸಹಕಾರಿ ಸಂಘ ಕಟ್ಟಿಕೊಂಡು ಒಟ್ಟಿಗೆ ಆರ್ಡರ್ ಹಿಡಿದರು. 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂನಲ್ಲಿ ಅವರ ಕೌದಿಗಳನ್ನು ಗೋಡೆಗೆ ತೂಗುಹಾಕಿದರು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಆಫ್ರಿಕಾದಿಂದ ಎರಡು ದಿಕ್ಕಿಗೆ ಹೋದವರು ಎರಡೂ ಕಡೆ ಹಳೇ ಬಟ್ಟೆಯಿಂದ ಹೊದಿಕೆ ಮಾಡಿಕೊಂಡದ್ದು ನೋಡಿ ಪಂಡಿತರು ಏನೇನೋ ಹೇಳಬಹುದು. ನನಗೆ ಕಾಣುವುದು ಬೇರೆ. ಎರಡೂ ಕಡೆ ಚಳಿಯಿತ್ತು, ಎರಡೂ ಕಡೆ ಹೊಸ ಬಟ್ಟೆಗೆ ಕಾಸಿರಲಿಲ್ಲ.

ಮ್ಯೂಸಿಯಂ ಗೋಡೆ ಏರಿದ್ದು ಸಂತೋಷವೇ. ಆದರೆ ಅಲ್ಲಿಂದ ಕಲಿಯಬೇಕಾದ್ದು 1966ರ ಕೆಲಸವನ್ನು. ಒಬ್ಬೊಬ್ಬಳೇ ಜಗಲಿಯಲ್ಲಿ ನಿಂತು ದರ ಹೇಳಿದರೆ ಬಂದವನು ಪಕ್ಕದ ಮನೆಗೆ ಹೋಗುತ್ತಾನೆ. ಹಾಲಿನ ಡೈರಿ ಬರುವ ಮುಂಚೆ ಹಾಲಿನವನು ನಮ್ಮನ್ನು ಆಡಿಸಿದ್ದು ಹೀಗೇ ಅಲ್ವಾ?

ನಮ್ಮ ಸ್ವಸಹಾಯ ಸಂಘದಲ್ಲಿ ಹನ್ನೊಂದು ಮಂದಿ ಇದ್ದೇವೆ. ಅವರಲ್ಲಿ ಮೂವರು ಸಿದ್ದಿ ಹೆಂಗಸರು. ಕಳೆದ ಮಳೆಗಾಲದಲ್ಲಿ ಕೂತು ಮಾತಾಡಿ ಕೆಲವು ವಿಷಯ ತೀರ್ಮಾನ ಮಾಡಿದ್ದೇವೆ. ಪ್ರತಿ ಕೌದಿಯ ಹಿಂಬದಿ ಒಂದು ಬಿಳಿ ಪಟ್ಟಿ. ಅದರಲ್ಲಿ ಹೊಲಿದವಳ ಹೆಸರು, ಹಿಡಿದ ಗಂಟೆ. ‘ಸಿದ್ದಿ ಕವಂದ’ ಅಂತ ಬರೆಯುವುದು ಆ ಮೂವರು ಹೊಲಿದದ್ದರ ಮೇಲೆ ಮಾತ್ರ, ಫೂಲ ಇಡುವುದೂ ಅವರೇ. ಉಳಿದವರು ಅದೇ ಸುತ್ತಿನ ಕ್ರಮ ಕಲಿತಿದ್ದರೂ ಮಾರುವಾಗ ‘ಕೌದಿ’ ಅಂತಲೇ ಮಾರಬೇಕು. ಮನೆಬಳಕೆಗೆ ಯಾರು ಏನು ಬೇಕಾದರೂ ಹೊಲಿದುಕೊಳ್ಳಲಿ. ಗಿರಾಕಿಯೇ ತಮ್ಮ ತಾಯಿಯ, ಅಜ್ಜಿಯ ಸೀರೆ ತಂದುಕೊಟ್ಟರೆ ಬಟ್ಟೆಯ ಖರ್ಚು ಬಿಟ್ಟು ಹೊಲಿಗೆಯದ್ದು ಮಾತ್ರ ಹಿಡಿಯುತ್ತೇವೆ. ಇಂಥ ಆರ್ಡರೇ ಹೆಚ್ಚು ಬರುತ್ತಿದೆ. ಹುಬ್ಬಳ್ಳಿಯ ಒಂದು ಮನೆಯವರು ತೀರಿಹೋದ ಅಜ್ಜಿಯ ಒಂಬತ್ತು ಸೀರೆ ತಂದು, ಮೂರು ಮೊಮ್ಮಕ್ಕಳಿಗೆ ಮೂರು ಕೌದಿ ಮಾಡಿಸಿಕೊಂಡು ಹೋದರು. ದರದ ಬಗ್ಗೆ ಒಂದು ಮಾತು ಆಡಲಿಲ್ಲ.

ಪಟ್ಟಿಯಲ್ಲಿ ಗಂಟೆ ಬರೆಯುವುದಕ್ಕೆ ಸಂಘದೊಳಗೇ ವಿರೋಧ ಬಂತು. ಕೈ ನಿಧಾನ ಇರುವವಳಿಗೆ ಅವಮಾನ ಆಗುತ್ತದೆ ಅಂತ. ನಮ್ಮಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ, ಅವರಿಗೆ 50 ಗಂಟೆಯೂ ಬೇಕು. ಅವರ ಹೊಲಿಗೆ ನನ್ನದಕ್ಕಿಂತ ಎಷ್ಟೋ ಒತ್ತು. ಸದ್ಯಕ್ಕೆ ಅಳತೆಗೆ ಇಷ್ಟು, ಒತ್ತು ಹೊಲಿಗೆಗೆ ಮೇಲಿಷ್ಟು ಅಂತ ದರ ಹಿಡಿದಿದ್ದೇವೆ. ಇದಕ್ಕಿಂತ ಒಳ್ಳೆಯ ಲೆಕ್ಕ ಓದುಗರಲ್ಲಿ ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆಯಿರಿ. ನಿಮ್ಮ ಕಡೆ ಕೌದಿ ಹೊಲಿಗೆಗೆ ಏನು ಕೊಡುತ್ತಾರೆ ಅನ್ನುವುದನ್ನೂ ತಿಳಿಸಿ. ಮುಂದಿನ ಮಳೆಗಾಲದ ಕೆಲಸ ಶುರುವಾಗುವ ಮೊದಲು, ಅಂದರೆ ಮೇ ಒಳಗೆ, ಗೊತ್ತಾದರೆ ನಮಗೆ ಅನುಕೂಲ.